ಹೊಸ್ತಿಲಲ್ಲಿ ಕೊಟ್ಟ ನೀರು

ಮೊನ್ನೆ ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದೆ. ಆ ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ಸರಿಯಾಗಿ ಟಿವಿಯಲ್ಲಿ ಯಾವುದೋ ದೇಶದವರು ಜನ ತುಂಬಿದ ದೋಣಿಯೊಂದನ್ನು ದಡಕ್ಕೆ ಬಿಡದೆ ವಾಪಸು ಕಳಿಸುತ್ತಿದ್ದರು. ಟಿವಿ ಆರಿಸಿದೆ, ಮತ್ತೆ ಹಾಕಿದೆ, ಮತ್ತೆ ಆರಿಸಿದೆ. ಕೂತಲ್ಲಿ ಕೂರಲಾಗಲಿಲ್ಲ. ಎದುರುಮನೆಯಾಕೆ ನೆನಪಾಗಿದ್ದಳು...

ಎಂಬತ್ತರ ದಶಕದ ಆರಂಭ. ಗಂಡನಿಗೆ ಅಮೆರಿಕದ ಪಾಲೋ ಆಲ್ಟೋದಲ್ಲಿ ಕೆಲಸ, ನಮಗೆ ಸ್ಯಾನ್ ಹೋಸೆಯಲ್ಲಿ ಎರಡು ಕೋಣೆಯ ಅಪಾರ್ಟ್‌ಮೆಂಟು. ಎದುರು ಬಾಗಿಲಿನಲ್ಲಿ ವಿಯೆಟ್ನಾಮಿನಿಂದ ಬಂದಿದ್ದ ಆಕೆ. ಒಂದೇ ಕೋಣೆಯಲ್ಲಿ ಏಳು ಜನ, ಜೊತೆಗೊಂದು ಹೊಲಿಗೆ ಮಷೀನು. ಅದರ ಸದ್ದಿನಿಂದ ನಮಗೆ ತೊಂದರೆಯೇ ಎಂದು ಕೇಳಲು ಮೊದಲ ಸಲ ಬಂದಿದ್ದಳು. ಮೈಸೂರಿನ ನಮ್ಮ ಮನೆಯಲ್ಲಿ ಬಾಗಿಲಿಗೆ ಬಂದವರಿಗೆ ಮೊದಲು ಬೆಲ್ಲ, ನೀರು. ನಾನೂ ಹೊಸ್ತಿಲಲ್ಲೇ ಕೊಡಲು ಹೋದೆ. ಆಕೆಯ ಮುಖ ಬಿಳುಚಿಕೊಂಡಿತು. ಎರಡು ಹೆಜ್ಜೆ ಹಿಂದೆ ಸರಿದು, ತನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನನಗೋ ಮೈಯೆಲ್ಲ ಉರಿ. ಸೂಟ್‌ಕೇಸಿನಲ್ಲಿ ಸೀರೆ ಕಡಿಮೆ ಮಾಡಿ ತಂದ ಬೆಲ್ಲ ಅದು!

ಆಮೇಲೆ ರವಿಕೆ ಹೊಲಿಸುವ ನೆಪದಲ್ಲಿ ಮಾತು ಬೆಳೆಯಿತು. ಒಂದು ದಿನ ತನ್ನ ಹರಕುಮುರುಕು ಇಂಗ್ಲಿಷಿನಲ್ಲಿ, ದೇಶ ಬಿಟ್ಟು ದೋಣಿಯಲ್ಲಿ ಹೊರಟ ಕಥೆಯನ್ನು ಅವಳೇ ಹೇಳಿದಳು.

“ದಡ ಕಾಣಿಸಿತು, ಸಿಸ್ಟರ್. ಸರ್ಕಾರದ ಬೋಟು ಬಂತು. ನೀರು ಕೊಟ್ಟರು, ಅಕ್ಕಿ ಕೊಟ್ಟರು. ನಾವು ಅತ್ತು ಕೈಮುಗಿದೆವು. ಆಮೇಲೆ ಹಗ್ಗ ಕಟ್ಟಿ ವಾಪಸು ಸಮುದ್ರಕ್ಕೆ ಎಳೆದರು.”

ಎರಡು ದೇಶಗಳಲ್ಲಿ ಹೀಗೇ ಆಯಿತಂತೆ. ಮೂರನೆಯ ಕಡೆ ಇಳಿಯಲು ಬಿಟ್ಟರಂತೆ. ಬಾಗಿಲಲ್ಲೇ ನೀರು ಕೊಡುವವರು ಒಳಗೆ ಬಿಡುವುದಿಲ್ಲ ಎಂಬುದು ಅವಳು ಕಲಿತ ಪಾಠ. ನನಗೆ ನಾಚಿಕೆಯಾಯಿತು. ಅಂದಿನಿಂದ ಅವಳನ್ನು ಒಳಗೆ ಕರೆದು ಸೋಫಾದ ಮೇಲೆ ಕೂರಿಸಿಯೇ ನೀರು ಕೊಡುತ್ತಿದ್ದೆ. ಬೆಲ್ಲದ ರುಚಿ ಹತ್ತಿಸಿಕೊಂಡು, ಚೂರು ಇನ್ನೂ ದೊಡ್ಡದಿರಲಿ ಎಂದು ಕೈಸನ್ನೆ ಮಾಡುತ್ತಿದ್ದಳು, ಕಳ್ಳಿ.

ಅವಳ ತಂಗಿ ಬೇರೆ ದೋಣಿಯಲ್ಲಿ ಹೊರಟು ಯಾವುದೋ ದ್ವೀಪದ ನಿರಾಶ್ರಿತರ ಕ್ಯಾಂಪಿನಲ್ಲಿ ಸಿಕ್ಕಿಬಿದ್ದಿದ್ದಳು. ಬಂದರೆ ಇರಲು ಜಾಗ ಕೊಡುತ್ತೇವೆ ಎಂದು ಇಲ್ಲಿಯವರು ಯಾರಾದರೂ ಸಹಿ ಮಾಡಬೇಕಿತ್ತು. ಅವಳ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಸಂಜೆ ಕಾಗದ ತಂದು ನನ್ನ ಕೈಯಲ್ಲಿಟ್ಟು ಹೋದಳು.

ಗಂಡ ಕಾಗದವನ್ನು ಎರಡು ಸಲ ಓದಿದರು. “ನಮ್ಮದೇ ಗ್ರೀನ್ ಕಾರ್ಡು ಇನ್ನೂ ಪೆಂಡಿಂಗು. ಗವರ್ನಮೆಂಟ್ ಪೇಪರ್‌ಗೆ ಸೈನ್ ಹಾಕಿ ತಲೆನೋವು ಯಾಕೆ ತಂದ್ಕೋಬೇಕು? ಆಗಲ್ಲ ಅಂದ್ಬಿಡು.”

ನಾನು ಜಗಳವಾಡಲಿಲ್ಲ. ನಮ್ಮ ಎರಡನೆಯ ಕೋಣೆಯಲ್ಲಿ ಖಾಲಿ ಸೂಟ್‌ಕೇಸುಗಳ ಹೊರತು ಏನೂ ಇರಲಿಲ್ಲ. ಅದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಮಾರನೆಯ ದಿನ ಅವಳು ಬಾಗಿಲು ತಟ್ಟಿದಳು. ಒಳಗೆ ಕರೆಯಲು ಧೈರ್ಯವಾಗಲಿಲ್ಲ. ಸೋಫಾದಲ್ಲಿ ಕೂತವಳಿಗೆ ಇಲ್ಲ ಎನ್ನುವುದು ನನ್ನಿಂದಾಗುತ್ತಿರಲಿಲ್ಲ. ಏನೂ ತೋಚದೆ ಅಡುಗೆಮನೆಗೆ ಹೋದೆ, ಬೆಲ್ಲ ನೀರು ಹಿಡಿದು ಹೊಸ್ತಿಲಿಗೆ ಬಂದೆ. ನಾನು ಬಾಯಿ ತೆರೆಯುವ ಮೊದಲೇ ಅವಳಿಗೆ ತಿಳಿದುಹೋಯಿತು. ಲೋಟ ತೆಗೆದುಕೊಂಡು ಪೂರ್ತಿ ಕುಡಿದಳು. “ಥ್ಯಾಂಕ್ ಯೂ, ಸಿಸ್ಟರ್,” ಎಂದಳು. ಬೆಲ್ಲ ಮುಟ್ಟಲಿಲ್ಲ.

ಕೆಲವು ತಿಂಗಳಲ್ಲಿ ಅವರು ಮನೆ ಖಾಲಿ ಮಾಡಿದರು. ಎಲ್ಲಿಗೆ ಹೋದರೋ... ತಂಗಿ ಬಂದಳೋ ಇಲ್ಲವೋ. ಹೋಗುವ ಮೊದಲು ಕೇಳಬಹುದಿತ್ತು. ಕೇಳಲು ನನಗೆ ಮುಖವಿರಲಿಲ್ಲ.

ಈಗ ನಮ್ಮದು ದೊಡ್ಡ ಮನೆ, ಖಾಲಿ ಕೋಣೆಗಳೇ ಮೂರಿವೆ. ಪಾರ್ಸೆಲ್ ತಂದವರನ್ನೂ ನಾನು ಒಳಗೆ ಕರೆದು ಕೂರಿಸಲು ನೋಡುತ್ತೇನೆ, ಮೊಮ್ಮಗಳು ನಗುತ್ತಾಳೆ. ಅಜ್ಜಿಯ ಹುಚ್ಚು ಎಂದುಕೊಂಡಿರಬೇಕು. ನೀರು ಮಾತ್ರ ಅವರು ಕೂತ ಮೇಲೆಯೇ ಕೊಡುತ್ತೇನೆ.