ಒಂಬತ್ತನೇ ನಂಬರಿನ ಇಬ್ಬರು ಯಜಮಾನರು

ನಮ್ಮ ಕಾಲೇಜಿನ ಅಧ್ಯಕ್ಷರ ಮನೆಯ ಎಲ್ಲ ಗಾಡಿಗಳ ನಂಬರೂ ಕೂಡಿದರೆ ಒಂಬತ್ತು ಬರುತ್ತಿತ್ತು. ಕಾರು, ಜೀಪು, ಟ್ರ್ಯಾಕ್ಟರು, ಕೊನೆಗೆ ಅಡುಗೆಯವನು ತರಕಾರಿ ತರುತ್ತಿದ್ದ ಮೊಪೆಡ್ಡು ಕೂಡ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ನನಗೂ ನೆಮ್ಮದಿ ಇರುತ್ತಿತ್ತು. 2011ರ ಸುಮಾರಿಗೆ ಯಾರೋ ಪುಣ್ಯಾತ್ಮ ಅವರಿಗೆ, ಕಂಪ್ಯೂಟರಿಗೂ ಒಂದೊಂದು ನಂಬರು ಇರುತ್ತದೆ ಅಂತ ಹೇಳಿಬಿಟ್ಟ.

ಕಾಲೇಜು ಇದ್ದದ್ದು ಸೋಲದೇವನಹಳ್ಳಿ ಕಡೆ, ಅವರ ತಾತನ ರಾಗಿ ಹೊಲದಲ್ಲಿ. ನಾನು ಆರ್.ಟಿ. ನಗರದಿಂದ ಬಸ್ಸು ಬದಲಾಯಿಸಿ ಬದಲಾಯಿಸಿ ಅಲ್ಲಿಗೆ ಹೋಗುತ್ತಿದ್ದೆ. ಹುದ್ದೆ ಸಿಸ್ಟಮ್ ಅಡ್ಮಿನ್. ಕೂರುತ್ತಿದ್ದದ್ದು ಸರ್ವರ್ ರೂಮಿನಲ್ಲಿ, ಅಂದರೆ ಹಿಂದೆ ಕಬಡ್ಡಿ ಮ್ಯಾಟು ಇಡುತ್ತಿದ್ದ ಕೋಣೆಯಲ್ಲಿ. ಪ್ರತಿ ವರ್ಷ ಜೂನ್ ಬಂತೆಂದರೆ ನನ್ನ ಕೆಲಸದ ಅವಧಿ ಮುಗಿಯುತ್ತಿತ್ತು, ಮತ್ತೆ ಹೊಸ ಆರ್ಡರ್ ಕೈಗೆ ಬರುವವರೆಗೆ ಜೀವ ಬಿಗಿಹಿಡಿದು ಕೂರಬೇಕಿತ್ತು. ಮನೆಯಲ್ಲಿ ಅಮ್ಮ, ನಾನು ಇಬ್ಬರೇ, ದುಡಿಯುವವಳು ನಾನೊಬ್ಬಳೇ. ಪರ್ಮನೆಂಟ್ ಆಗಬೇಕು, ಅದೊಂದೇ ನನ್ನ ಆಸೆ. ಆದರೆ ಪರ್ಮನೆಂಟ್ ಆರ್ಡರಿಗೆ ಅಧ್ಯಕ್ಷರ ಜೊತೆ ಕಾರ್ಯದರ್ಶಿಯ ಸಹಿಯೂ ಬೇಕಿತ್ತು. ಕಾರ್ಯದರ್ಶಿ ಅಂದರೆ ಅಧ್ಯಕ್ಷರ ಸ್ವಂತ ತಮ್ಮ. ಅಣ್ಣ ಸಹಿ ಹಾಕಿದ ಕಾಗದವನ್ನು ತಮ್ಮ ಮುಟ್ಟುತ್ತಿರಲಿಲ್ಲ, ತಮ್ಮ ಹಾಕಿದ್ದನ್ನು ಅಣ್ಣ ಮುಟ್ಟುತ್ತಿರಲಿಲ್ಲ.

“ನಂದೆಷ್ಟಮ್ಮ ನಂಬರು?” ಅಂತ ಒಂದು ಬೆಳಿಗ್ಗೆ ಅಧ್ಯಕ್ಷರು ಕೇಳಿದರು.

192.168.1.37 ಅಂತ ಓದಿ ಹೇಳಿದೆ.

“ಇಷ್ಟುದ್ದದ್ದು ಇಟ್ಕಂಡು ಬದುಕೋದೆಂಗಮ್ಮ?”

“ಮುಂದಿಂದೆಲ್ಲ ಎಲ್ಲರಿಗೂ ಒಂದೇ ಸಾರ್, ಗಾಡಿಗೆ ಕೆಎ ನಾಲ್ಕು ಇರಲ್ವಾ, ಹಂಗೆ. ನಿಮ್ಮದು ಅಂತ ಇರೋದು ಕೊನೇದು ಮಾತ್ರ, ಮೂವತ್ತೇಳು.”

“ಅಂಗಾದ್ರೆ ಅದನ್ನ ಒಂಬತ್ತು ಮಾಡು.”

ಮಾಡಿದೆ. ವಾರ ಕಳೆಯುವುದರೊಳಗೆ ಕಾರ್ಯದರ್ಶಿ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಅಣ್ಣನ ಜ್ಯೋತಿಷಿಯೇ ಇವರಿಗೂ ಜ್ಯೋತಿಷಿ. ಇವರಿಗೂ ಒಂಬತ್ತೇ ಬೇಕು. ಹದಿನೆಂಟು ಕೊಡುತ್ತೇನೆ, ಇಪ್ಪತ್ತೇಳು ಕೊಡುತ್ತೇನೆ, ಕೂಡಿದರೆ ಒಂಬತ್ತೇ ಆಗುತ್ತದೆ ಅಂತ ಅಂಗಲಾಚಿದೆ.

“ಕೂಡಿದ್ರೆ ಬರೋದು ಬಾಡಿಗೆ ಒಂಬತ್ತು ಕಣ್ರೀ. ನಂಗೆ ಸ್ವಂತದ್ದು ಬೇಕು,” ಅಂದರು. ಮರುದಿನ ಯಾರ ಕೈಯಲ್ಲೋ ತಮ್ಮ ಕಂಪ್ಯೂಟರಿಗೆ ಒಂಬತ್ತನ್ನೇ ಹಾಕಿಸಿಕೊಂಡೂ ಬಿಟ್ಟರು.

ಕಾಲೇಜಿನ ಇಂಟರ್ನೆಟ್ಟೆಲ್ಲ ನನ್ನ ಕೋಣೆಯ ಒಂದು ಲಿನಕ್ಸ್ ಪೆಟ್ಟಿಗೆಯ ಮೂಲಕ ಹೋಗಿಬರುತ್ತಿತ್ತು. ಯಾವ ನಂಬರು ಯಾವ ಯಂತ್ರದ್ದು ಅಂತ ಆ ಪೆಟ್ಟಿಗೆ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ; ನೆರೆಯವರ ಪಟ್ಟಿ ಅಂತ ಅದರ ಹೆಸರು. ಒಂದು ನಂಬರಿನ ಎದುರಿಗೆ ಒಂದೇ ಯಂತ್ರ. ಇಬ್ಬರು ಒಂದೇ ನಂಬರು ಹಾಕಿಕೊಂಡು ಕೂತರೆ ಪಟ್ಟಿಯಲ್ಲಿ ಇರುವವರಿಗೆ ಇಂಟರ್ನೆಟ್ಟು, ಇನ್ನೊಬ್ಬರಿಗೆ ಖಾಲಿ ಪರದೆ. ಸಾಲದ್ದಕ್ಕೆ, ಆಮೇಲೆ ಶುರುವಾದ ಯಂತ್ರ ಈ ನಂಬರು ಬೇರೆಯವರ ಹತ್ತಿರ ಇದೆ ಅಂತ ಪರದೆಯ ಮೂಲೆಯಲ್ಲಿ ಚಾಡಿ ಬೇರೆ ಹೇಳುತ್ತದೆ.

ಮೊದಲು ಶುರು ಮಾಡಿದವರದ್ದೇ ಒಂಬತ್ತು ಅನ್ನುವುದು ಅಟೆಂಡರುಗಳಿಗೆ ಗೊತ್ತಾಗಿಹೋಯಿತು. ಅಣ್ಣನ ಅಟೆಂಡರು ಹಾಲಿನ ಗಾಡಿಗಿಂತ ಮುಂಚೆ ಬಂದು ಕಂಪ್ಯೂಟರ್ ಹಾಕಲು ಶುರು ಮಾಡಿದ. ತಮ್ಮನ ಅಟೆಂಡರು ಚಾಪೆ ತಂದು ವರಾಂಡದಲ್ಲೇ ಮಲಗತೊಡಗಿದ. ಆ ಚಾಪೆ ನೋಡಿದ ದಿನ ನನಗೆ ತಲೆ ಕೆಟ್ಟುಹೋಯಿತು. ನಾನು ಓದಿದ ಡಿಪ್ಲೊಮಾದಲ್ಲಿ ಚಾಪೆಯ ಬಗ್ಗೆ ಏನೂ ಇರಲಿಲ್ಲ.

ಎರಡೂ ಯಂತ್ರಗಳು ಚಾಡಿ ಹೇಳದಂತೆ ಒಳಗಿನ ಸೆಟ್ಟಿಂಗ್ ಬದಲಾಯಿಸಿ ಮೊದಲು ಬಾಯಿ ಮುಚ್ಚಿಸಿದೆ. ಇನ್ನು ಪಟ್ಟಿಯನ್ನು ನಾನೇ ಆಳಿದರಾಯಿತು. ಅಣ್ಣ ಬರುವುದು ಬೆಳಿಗ್ಗೆ. ಊಟಕ್ಕೆ ಮನೆಗೆ ಹೋದರೆ ಮುದ್ದೆ ಉಂಡು ಮಲಗಿಬಿಡುವರು, ತಿರುಗಿ ಬರುವುದಿಲ್ಲ. ತಮ್ಮ ಬೆಳಿಗ್ಗೆಯೆಲ್ಲ ರಾಜಾನುಕುಂಟೆಯಲ್ಲಿ ತಾವು ಸೈಟು ಮಾರುವ ಲೇಔಟಿನಲ್ಲಿದ್ದು, ಊಟ ಮುಗಿಸಿಕೊಂಡು ಬರುವರು. ಹಾಗಾಗಿ ಬೆಳಿಗ್ಗೆ ಬಂದ ಕೂಡಲೇ ಕಪ್ಪು ಪರದೆಯಲ್ಲಿ ip neigh replace ಅಂತ ಶುರುವಾಗುವ ಒಂದು ಸಾಲು ಹೊಡೆದು ಒಂಬತ್ತನ್ನು ಅಣ್ಣನ ಯಂತ್ರಕ್ಕೆ ಕಟ್ಟುತ್ತಿದ್ದೆ. ಮಧ್ಯಾಹ್ನ ಅದೇ ಸಾಲಿನಿಂದ ತಮ್ಮನ ಯಂತ್ರಕ್ಕೆ. ಗಡಿಯಾರ ನೋಡಿ ತಾನಾಗಿ ಬದಲಾಗುವಂತೆ ಮಾಡಬಹುದಿತ್ತು, ಆದರೆ ಅಧ್ಯಕ್ಷರು ಏಳುತ್ತಿದ್ದದ್ದು ಗಡಿಯಾರ ನೋಡಿ ಅಲ್ಲ, ಹಸಿವು ನೋಡಿ. ಅವರ ಕಾರು ಗೇಟು ದಾಟುವುದನ್ನು ಕಿಟಕಿಯಿಂದ ನೋಡಿಕೊಂಡು ಎಂಟರ್ ಒತ್ತಬೇಕಿತ್ತು. ಆ ಸಾಲಿನ ಕೊನೆಯ ಪದ ಪರ್ಮನೆಂಟ್. ವರ್ಷಕ್ಕೊಮ್ಮೆ ಕೆಲಸ ಹೋಗುವವಳು ನಾನು, ದಿನಾ ಇನ್ನೊಬ್ಬರನ್ನು ಪರ್ಮನೆಂಟ್ ಮಾಡುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು.

ಚಾಡಿ ನಿಂತ ಮೇಲೆ, ಇನ್ನೊಬ್ಬ ಸೋತು ಬಿಟ್ಟುಕೊಟ್ಟ, ಒಂಬತ್ತು ಇನ್ನು ತನ್ನೊಬ್ಬನದೇ ಅಂತ ಇಬ್ಬರೂ ನಂಬಿದ್ದರು. ಸೀಟು ತುಂಬಿದರೆ ಒಂಬತ್ತಿನಿಂದ, ಸೈಟು ಮಾರಿಹೋದರೆ ಒಂಬತ್ತಿನಿಂದ. ನನ್ನನ್ನು ಕಂಡರೆ ಇಬ್ಬರಿಗೂ ಪ್ರೀತಿ ಬಂತು. “ನಿಂದು ಮಾಡ್ಕೊಡ್ತೀನಿ ಸುಮ್ಕಿರಮ್ಮ” ಅಂತ ಅಣ್ಣ, “ಮೇಡಂ, ನಿಮ್ ಫೈಲ್ ತಲೇಲಿದೆ” ಅಂತ ತಮ್ಮ.

ಎಲ್ಲ ಕೆಟ್ಟಿದ್ದು ಆಯುಧಪೂಜೆಯ ದಿನ. ಅವತ್ತು ಬೆಳಿಗ್ಗೆ ಇಬ್ಬರೂ ಬಂದರು. ಕಂಪ್ಯೂಟರುಗಳಿಗೆಲ್ಲ ಚೆಂಡುಹೂವು, ಬಾಗಿಲಿಗೆ ಬಾಳೆಕಂದು, ಕುಂಬಳಕಾಯಿ ಒಡೆದದ್ದೂ ಆಯಿತು. ಒಳ್ಳೆ ಗಳಿಗೆಯಲ್ಲಿ ಇಬ್ಬರೂ ತಂತಮ್ಮ ರೂಮಿನಲ್ಲಿ ಕೂತು ಕಾಲೇಜಿನ ವೆಬ್‌ಸೈಟು ತೆರೆಯುವುದು ಅಂತ ತೀರ್ಮಾನ. ಎರಡು ಸಾಲುಗಳನ್ನು ಒಂದರ ಹಿಂದೆ ಒಂದು ಹೊಡೆದು ಹೇಗೋ ಇಬ್ಬರನ್ನೂ ದಡ ಮುಟ್ಟಿಸೋಣ ಅಂತ ನಾನು ನನ್ನ ಕೋಣೆಗೆ ಓಡಿದೆ. ಅಣ್ಣನದನ್ನು ಬೆಳಿಗ್ಗೆ ಪೂಜೆಗೆ ಮುಂಚೆಯೇ ಕಟ್ಟಿದ್ದೆ, ಅದು ತೆರೆಯಿತು. ತಮ್ಮನ ಸಾಲು ಬರೆದು ಎಂಟರ್ ಒತ್ತಿದರೆ ಕೀ ಒಳಗೇ ಕೂತುಬಿಟ್ಟಿತು. ದಿನವಿಡೀ ದುಡಿಯುವ ಕೀ ಅಂತ ನಮ್ಮ ಲ್ಯಾಬಿನ ಆಯಾ ಭಕ್ತಿಯಿಂದ ನನ್ನ ಕೀಬೋರ್ಡಿನ ಎರಡು ಎಂಟರುಗಳಿಗೂ ದಪ್ಪಗೆ ಗಂಧ ಮೆತ್ತಿದ್ದಳು. ಅದು ಒಳಗಿಳಿದು ಗಟ್ಟಿಯಾಗಿತ್ತು.

ನಾನು ಹೇರ್‌ಪಿನ್ನಿನಿಂದ ಗಂಧ ಕೆರೆಯುತ್ತಿರುವಾಗ, ತನ್ನದು ತೆರೆಯಲಿಲ್ಲ ಅಂತ ತಮ್ಮ, ಏನಾಯಿತು ಅಂತ ಅಣ್ಣ, ಇಬ್ಬರೂ ಒಳಗೆ ಬಂದರು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಪಟ್ಟಿ ತೋರಿಸಿ ಎಲ್ಲ ಹೇಳಿಬಿಟ್ಟೆ. ಕೆಲಸ ಹೋಯಿತು ಅಂದುಕೊಂಡು ಚೀಲಕ್ಕೆ ಕೈ ಹಾಕಿದೆ.

ಅಣ್ಣ ಪರದೆಯ ಮೇಲಿನ ಒಂಬತ್ತಿಗೆ ಬೆರಳಿಟ್ಟರು. “ಈಗ ಯಾರ್ದು?”

“ನಿಮ್ಮದು ಸಾರ್.”

“ಮದ್ಯಾನ್ನ?” ಅಂದರು ತಮ್ಮನ ಕಡೆ ತಿರುಗಿ.

“ಅವರದ್ದು ಸಾರ್.”

“ಇಷ್ಟ್ ದಿನದಿಂದ ಇಂಗೇ ನಡೀತಾ ಇತ್ತಾ? ಜಗಳ ಇಲ್ದೆ?”

“ಹೌದು ಸಾರ್, ಜಗಳ ಇಲ್ಲದೆ.”

ಅಣ್ಣ ತಮ್ಮಂದಿರು ಮುಖ ಮುಖ ನೋಡಿಕೊಂಡರು. ಅಪ್ಪ ತೀರಿಕೊಂಡ ಮೇಲೆ ಅವರ ಮಧ್ಯೆ ಕೋರ್ಟಿಗೆ ಹೋಗದೆ ಪಾಲಾದ ಮೊದಲ ಆಸ್ತಿ ಅದು. ಆ ಖುಷಿಯಲ್ಲಿ ಇಡೀ ಕಾಲೇಜನ್ನೇ ಹಾಗೆ ಹಂಚಿಕೊಂಡುಬಿಟ್ಟರು. ಒಂದು ಗಂಟೆಯವರೆಗೆ ಎಲ್ಲವೂ ಅಣ್ಣನದು, ಒಂದೂವರೆಯಿಂದ ತಮ್ಮನದು, ನಡುವಿನ ಅರ್ಧ ಗಂಟೆ ಊಟದ ವೇಳೆ, ಯಾರದ್ದೂ ಅಲ್ಲ. ಒಬ್ಬೊಬ್ಬರು ಒಂದೊಂದು ಪ್ರತಿಗೆ ಸಹಿ ಹಾಕಿದ ಕರಾರಿನಲ್ಲಿ ಸರ್ವರ್ ರೂಮಿನ ಸಾಮಾನುಗಳನ್ನೂ ಬರೆಸಿದರು: ಪೆಟ್ಟಿಗೆ, ಯುಪಿಎಸ್ಸು, ಫ್ಯಾನು, ನಾನು. ಇವುಗಳಲ್ಲಿ ಯಾವುದನ್ನೂ ಇಬ್ಬರ ಸಹಿ ಒಂದೇ ಕಾಗದದ ಮೇಲೆ ಇಲ್ಲದೆ ತೆಗೆಯುವಂತಿಲ್ಲ. ನನ್ನ ಆರ್ಡರು ಬಂತು, ಒಬ್ಬೊಬ್ಬರ ಸಹಿಯದು ಒಂದೊಂದರಂತೆ ಎರಡು ಬಂದವು. ಒಂದರಲ್ಲಿ ಮಧ್ಯಾಹ್ನದವರೆಗೆ ಪರ್ಮನೆಂಟ್, ಇನ್ನೊಂದರಲ್ಲಿ ಮಧ್ಯಾಹ್ನದಿಂದ. ಫ್ಯಾನಿನ ಕೆಳಗೆ ನನ್ನ ಹೆಸರು ಕಂಡು ನಗು ಬಂತು, ಬಸ್ಸಿನಲ್ಲಿ ಕೂತ ಮೇಲೆ ಅಳುವೂ ಬಂತು. ಇದಕ್ಕೇನಾ ನಾನು ಇಷ್ಟು ಆಸೆಪಟ್ಟಿದ್ದು ಅನ್ನಿಸಿತು.

ಮುಂದಿನ ವರ್ಷ ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಬಂತು. ಅಧ್ಯಕ್ಷರು ಧಾರಾಳವಾಗಿ ರಜೆ ಕೊಟ್ಟರು, ಒಂದು ಗಂಟೆಯವರೆಗೆ. ಆಮೇಲಿನದ್ದು ಕಾರ್ಯದರ್ಶಿಯ ಪಾಲು, ಅವರು ಕೊಡಲಿಲ್ಲ. ಹಿಂದಿನ ಸಂಜೆ ಹೊರಡುವಾಗಲೇ ಒಂಬತ್ತನ್ನು ಅಣ್ಣನ ಯಂತ್ರಕ್ಕೆ ಕಟ್ಟಿ ಬಂದಿದ್ದೆ. ಹೆಬ್ಬಾಳದ ಆಸ್ಪತ್ರೆಯಲ್ಲಿ ಅಮ್ಮನನ್ನು ಹೊರಗೆ ಕರೆತಂದಾಗ ಹನ್ನೆರಡು ದಾಟಿತ್ತು. ಒಂದು ಕಣ್ಣಿಗೆ ಪಟ್ಟಿ, ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು. ಅವಳನ್ನು ಬೆಂಚಿನ ಮೇಲೆ ಬಿಟ್ಟು ಸೋಲದೇವನಹಳ್ಳಿಗೆ ಓಡುವುದು ಹೇಗೆ? ಸಿಟ್ಟು ನೆತ್ತಿಗೇರಿತು. ಅಲ್ಲೇ ಕೂತೆ. ತಿಂಡಿ ಡಬ್ಬಿ ಬಿಚ್ಚುತ್ತಿರುವಾಗ ಫೋನು ಬಂತು.

“ಮೇಡಂ, ಒಂದೂವರೆ ಆಯ್ತು. ಒಂಬತ್ತು ಇನ್ನೂ ಅಣ್ಣನ್ ಹತ್ರಾನೇ ಇದೆ. ಎಲ್ಲಿದ್ದೀರಾ? ಕೆಲಸ ಬೇಕೋ ಬೇಡ್ವೋ?”

ಆಗ ಹೊಳೆಯಿತು. ನನ್ನನ್ನು ತೆಗೆಯಬೇಕಾದರೆ ಅಣ್ಣ ತಮ್ಮ ಇಬ್ಬರೂ ಒಂದೇ ಕಾಗದಕ್ಕೆ ಸಹಿ ಹಾಕಬೇಕು. ಅದು ಈ ಜನ್ಮದಲ್ಲಿ ಆಗುವ ಮಾತಲ್ಲ. ನಾನು ನಿಜವಾಗಿಯೂ ಪರ್ಮನೆಂಟ್ ಆಗಿದ್ದೆ.

“ಇವತ್ತು ಊಟದ ವೇಳೆ ಸಂಜೆವರೆಗೂ ಇದೆ ಸಾರ್,” ಅಂದು ಫೋನಿಟ್ಟೆ.

“ಯಾರೇ ಅದು, ಆಫೀಸಿಂದಾ?” ಅಂದಳು ಅಮ್ಮ. “ಬೆಳಗಿನವರೋ ಮಧ್ಯಾಹ್ನದವರೋ?”

“ಯಾರಾದ್ರೂ ಆಗ್ಲಿ. ಬಾಯಿ ತೆಗಿ,” ಅಂತ ಮೊಸರನ್ನದ ತುತ್ತು ಇಟ್ಟೆ.