ಗೇಟಿನಲ್ಲಿ ಉಳಿದ ಕತ್ತಿ

ಕೊಲ್ಲಿ ದೇಶದ ಫರ್ವಾನಿಯಾದ ನಮ್ಮ ಫ್ಲಾಟಿನಲ್ಲಿ ಒಂದು ವಾರ ಅಮೆರಿಕದ ಯುದ್ಧ ನಡೆಯಿತು. ಶಾಲೆಯಲ್ಲಿ ಮಗಳು ಹಳೇ ಕಾಲದ ಅಮೆರಿಕನ್ ಒಬ್ಬನ ವೇಷ ಹಾಕಿ ಅವನ ಬದುಕನ್ನು ಹೇಳಬೇಕಿತ್ತು. ಅವಳ ಪಾಲಿಗೆ ಬಂದವನು ಮೊದಲು ಸೈನಿಕ, ಆಮೇಲೆ ಶಾಸಕ. ಊರಲ್ಲಿ ಯಕ್ಷಗಾನದ ವೇಷ ಕಟ್ಟುತ್ತಿದ್ದ ನನ್ನ ಗಂಡನಿಗೆ ಅವನಲ್ಲಿ ಸೈನಿಕ ಮಾತ್ರ ಕಂಡ. ಇಲ್ಲಿನ ಕನ್ನಡ ಸಂಘದ ವೇಷದ ಪೆಟ್ಟಿಗೆಯಿಂದ ಬೆಳ್ಳಿ ಕಾಗದ ಸುತ್ತಿದ ಮರದ ಕತ್ತಿ ತಂದು ಯುದ್ಧದ ಕುಣಿತವನ್ನೇ ಕಲಿಸಿದರು. ಶಾಸನಸಭೆಗೆ ಕೊನೆಯಲ್ಲಿ ಎರಡು ಮಾತು, ಅಷ್ಟೆ.

"ಅವ ಕಾನೂನೂ ಮಾಡಿದ್ದಾನಲ್ಲ!" ಎಂದು ರೇಗಿದೆ.

"ಕೂತು ಮಾತಾಡುದನ್ನ ಯಾರು ನೋಡ್ತಾರೆ ಮಾರಾಯ್ತಿ?" ಎಂದರು.

ವೇಷ ಹಾಕುವ ದಿನ ಶಾಲೆಯ ಗೇಟಿನಲ್ಲಿ ಕಾವಲುಗಾರ ಕತ್ತಿಯನ್ನು ಒಳಗೆ ಬಿಡಲಿಲ್ಲ. ಮರದ್ದೆಂದು ಇವರು ಗೋಡೆಗೆ ಬಡಿದು ತೋರಿಸಿದರೂ "ಖಲಾಸ್" ಎಂದು ಕಸಿದಿಟ್ಟುಕೊಂಡ. ಕತ್ತಿಯಿಲ್ಲದೆ ಆ ಕುಣಿತವೇ ಇಲ್ಲ. ಮಗಳು ವೇದಿಕೆಯಲ್ಲಿ ಅತ್ತುಬಿಡುತ್ತಾಳೆ ಎಂದುಕೊಂಡೆ.

ಅವಳು ಅಳಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು. ಯುದ್ಧ ಮುಗಿಯಿತು, ಕತ್ತಿಯನ್ನು ಬಾಗಿಲಲ್ಲೇ ಬಿಟ್ಟು ಸಭೆಗೆ ಬಂದಿದ್ದೇನೆ ಎಂದು ಇಂಗ್ಲಿಷಿನಲ್ಲಿ ಶುರುಮಾಡಿದಳು.

ಪಕ್ಕಕ್ಕೆ ತಿರುಗಿದರೆ ಇವರ ಕುರ್ಚಿ ಖಾಲಿ. ಮಗಳು ಕೂತು ಮಾತಾಡುವುದು ಸರಿಯಾಗಿ ಕಾಣಲೆಂದು ಎದ್ದು ನಿಂತಿದ್ದರು.