ಪುಟ್ಟಗಂಗಿಯ ಕುದುರೆಗೆ ಗೊಟ್ಟ ಹಾಕಿದ್ದು

ನಮ್ಮೂರಿನ ದನ, ಎಮ್ಮೆಗಳಿಗೆಲ್ಲ ಗೊಟ್ಟ ಹಾಕುತ್ತಿದ್ದವನು ನಾನೇ. ಹೊಟ್ಟೆ ಉಬ್ಬರಿಸಿದ ಎಮ್ಮೆಯ ಮೂತಿ ಮೇಲೆತ್ತಿ, ಬಿದಿರಿನ ಗೊಟ್ಟದಿಂದ ಗಂಟಲಿಗೆ ಔಷಧಿ ಹುಯ್ಯುವುದರಲ್ಲಿ ಶಿವಣ್ಣನನ್ನು ಬಿಟ್ಟರಿಲ್ಲ ಎಂದು ನೊಣವಿನಕೆರೆಯವರೂ ಹೇಳುತ್ತಿದ್ದರು. ಕೇಳಿ ಕೇಳಿ ನನಗೂ ಎರಡು ಕೊಂಬು ಬಂದಿದ್ದವು.

ಎಪ್ಪತ್ತೊಂಬತ್ತರ ಮಾತು. ತಿಪಟೂರಿಗೆ ಆಟೋಗಳು ಬಂದಮೇಲೆ ಕೆಲವು ಜಟಕಾದವರು ಮೇವು ಹಾಕಲಾರದೆ ಕುದುರೆಗಳನ್ನು ಹಾಗೇ ಬಿಟ್ಟುಬಿಟ್ಟರು. ಅಂಥದೊಂದು ಹೆಣ್ಣು ಕುದುರೆ ನಮ್ಮ ಕೆರೆಯಂಗಳದ ಜಾಲಿಯೊಳಗೆ ಸೇರಿಕೊಂಡು ಮೂರು ವರ್ಷದಲ್ಲಿ ಪೂರಾ ಕಾಡುಪ್ರಾಣಿಯಾಗಿತ್ತು. ಅಲ್ಲೇ ಒಂದು ಮರಿಯನ್ನೂ ಹಾಕಿತ್ತು. ರಾಗಿ ಹೊಲಕ್ಕೆ ನುಗ್ಗಿದವೆಂದು ಊರವರೆಲ್ಲ ಸುತ್ತುಗಟ್ಟಿ, ಹೊಡೆದು, ಎರಡನ್ನೂ ದೊಡ್ಡಿಗೆ ಕೂಡಿದರು. ಹೊಡೆದವರಲ್ಲಿ ನಾನೂ ಇದ್ದೆ.

ನನ್ನ ಚಿಕ್ಕಪ್ಪ ಹುಚ್ಚರಂಗಯ್ಯನ ಮಗಳು ಪುಟ್ಟಗಂಗಿಗೆ ಆಗ ಹನ್ನೆರಡು ವರ್ಷ. ದೊಡ್ಡಿಯ ಬಾಗಿಲಲ್ಲಿ ಕೂತು, ಅತ್ತು, ಊಟ ಬಿಟ್ಟು, ಕೊನೆಗೆ ಅಪ್ಪನ ಕೈಲಿ ದಂಡ ಕಟ್ಟಿಸಿ ಅವನ್ನು ಬಿಡಿಸಿ ತೆಂಗಿನ ತೋಟಕ್ಕೆ ತಂದಳು.

ಆ ಕುದುರೆಯ ಕಟವಾಯಿಯ ಎರಡೂ ಕಡೆ ಕಡಿವಾಣ ಕೊಯ್ದ ಕಲೆಗಳಿದ್ದವು. ಮೂತಿಯ ಹತ್ತಿರ ಯಾರು ಕೈ ತಂದರೂ ಕಚ್ಚಲು ಬರುತ್ತಿತ್ತು. ಪುಟ್ಟಗಂಗಿ ದಿನಾ ಬೆಳಿಗ್ಗೆ ಅಂಗೈಯಲ್ಲಿ ಹುಲ್ಲು ಹಿಡಿದು, ಅದರ ಕಡೆ ನೋಡದೆ ಸುಮ್ಮನೆ ಕೂರುತ್ತಿದ್ದಳು. ನಾಲ್ಕು ತಿಂಗಳು ಹಾಗೇ ಕೂತಳು. ಒಂದು ದಿನ ಓಡಿಬಂದಳು.

"ಅಣ್ಣಯ್ಯ, ಬಾಯಿ ಮುಟ್ಟಿಸ್ಕಂತು ಕಣಣ್ಣಯ್ಯ! ಕಚ್ಚಲಿಲ್ಲ!"

"ಬುಡವ್ವ, ಇನ್ ನಿನ್ ಗಂಡ ಕುದ್ರೆ ಏರ್ಕಂಡೇ ಬರ್ಬೇಕು" ಎಂದು ರೇಗಿಸಿದೆ.

ದೀಪಾವಳಿಗೆ ಎಮ್ಮೆಗಳಿಗೆ ಕಲಸಿದ ಕೊಬ್ಬರಿ ಹಿಂಡಿಯಲ್ಲಿ ಹಬ್ಬವೆಂದು ಅದಕ್ಕೂ ಒಂದು ಬಕೆಟ್ ಇಟ್ಟಳು. ನಮಗೆ ಗೊತ್ತಿದ್ದ ಉಪಚಾರ ಅದೊಂದೇ. ಮಾರನೆಯ ಬೆಳಿಗ್ಗೆ ಕುದುರೆ ನೆಲ ಕೆರೆಯುತ್ತ, ಹೊಟ್ಟೆಯ ಕಡೆ ತಿರುತಿರುಗಿ ನೋಡುತ್ತ, ಬಿದ್ದು ಹೊರಳುತ್ತಿತ್ತು.

"ಅಣ್ಣಯ್ಯ, ಗೊಟ್ಟ ತಕಂಡು ಬಾ, ಬೇಗ ಬಾ!"

ಹರಳೆಣ್ಣೆ ಬೆಚ್ಚಗೆ ಮಾಡಿಕೊಂಡು ಹೋದೆ. ನನ್ನನ್ನು ಕಂಡದ್ದೇ ಕುದುರೆ ಎದ್ದು, ಕಿವಿ ಹಿಂದಕ್ಕೆ ಮಡಚಿ ಹಲ್ಲು ಕಚ್ಚಿ ನಿಂತಿತು. ಪುಟ್ಟಗಂಗಿ ಮುಂದೆ ಬಂದಳು.

"ನೀ ಸರ್ಕೋ. ನಂಗಾದ್ರೆ ಬಿಡ್ತದೆ."

ಅವಳು ಕಲೆಗಳ ಮೇಲೆ ಕೈಯಾಡಿಸಿ ಏನೋ ಪಿಸುಗುಟ್ಟಿದಳು. ಅದು ಬಾಯಿ ಬಿಟ್ಟಿತು. ನಾನು ಎಮ್ಮೆಗೆ ಎತ್ತುವಂತೆಯೇ ತಲೆ ಎತ್ತಿ ಒಂದು ಗೊಟ್ಟ ಹುಯ್ದೆ. ಕೆಮ್ಮಿತು. ಮೂಗಿನಲ್ಲಿ ಎಣ್ಣೆ ಬಂತು. ಎಮ್ಮೆಗಳೂ ಕೆಮ್ಮುತ್ತವಲ್ಲ ಎಂದುಕೊಂಡು ಇನ್ನೊಂದು ಗೊಟ್ಟ ಹುಯ್ದೆ.

ಎರಡನೆಯ ದಿನ ತುರುವೇಕೆರೆಯಿಂದ ದನದ ಡಾಕ್ಟರು ಬಂದು, ಎದೆಗೆ ಕಿವಿಗೊಟ್ಟು ಕೇಳಿ, ನನ್ನ ಮುಖ ನೋಡಿದರು.

"ಎಮ್ಮೆ ಅಂದ್ಕಂಡ್ರೇನ್ರೀ ಇದನ್ನ? ಎಣ್ಣೆಯೆಲ್ಲ ಉಸಿರಿನ ಚೀಲಕ್ಕೆ ಇಳಿದದೆ. ಮೆಲ್ಲಗೆ ನಡೆದಾಡಿಸಿ ನನಗೆ ಹೇಳಿ ಕಳಿಸಿದ್ರೆ ಉಳಿಸಬಹುದಾಗಿತ್ತೇನೋ."

ಮೂರನೆಯ ದಿನ ಸತ್ತಿತು. ತೋಟದ ಮೂಲೆಯಲ್ಲಿ ಗುಂಡಿ ತೆಗೆದು ಮುಚ್ಚಿದೆವು. ಮರಿ ಮಣ್ಣು ಮೂಸುತ್ತ ನಿಂತಿತ್ತು. ನನಗೆ ದುಃಖ ತಡೆಯಲಾಗಲಿಲ್ಲ.

"ತಪ್ಪು ನಂದು ಕಣವ್ವ. ಹುಯ್ದೋನು ನಾನು" ಎಂದೆ.

ಅವಳು ಅಳುತ್ತಿರಲಿಲ್ಲ. "ನಿಂಗೆ ಅದು ಬಾಯಿ ಬಿಡ್ಲಿಲ್ಲ ಅಣ್ಣಯ್ಯ. ನಂಗೆ ಬಿಡ್ತು" ಎಂದಳು.

ಅಂದಿನಿಂದ ನಾನು ಗೊಟ್ಟ ಮುಟ್ಟಲಿಲ್ಲ. ಪುಟ್ಟಗಂಗಿ ಮದುವೆಯಾಗಿ ಹೋಗುವವರೆಗೂ, ಐದು ವರ್ಷ, ಆ ಮರಿಯನ್ನು ಸಾಕಿದಳು. ಹುಲ್ಲು, ಬೇಯಿಸಿದ ಹುರುಳಿ, ನೀರು, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಎಲ್ಲ ಇಟ್ಟು ದೂರ ಸರಿದು ನಿಲ್ಲುತ್ತಿದ್ದಳು. ಮರಿ ಅವಳ ಹತ್ತಿರಕ್ಕೇ ಬಂದು ಅಂಗೈಗೆ ಮೂತಿ ಚಾಚಿದರೆ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದಳು.